ಇಂಗ್ಲೆಂಡಿನ ಗ್ರಾಮಕುಲಚರಿತ್ರೆಗೆ ಹಳೆಯ ಪ್ರಾಂತಪತ್ರಿಕೆಗಳ ಪ್ರಾಮಾಣ್ಯ

ಯಾರು ಯಾರ ಮಗನೆಂಬುದು ತಿಳಿದರೆ ವಂಶಾವಳಿಯಾಗುವುದು. ಅವನು ಹೇಗೆ ಬಾಳಿದನೆಂಬುದು ತಿಳಿದ ಮೇಲೆಯೇ ಅದು ಕುಲಚರಿತ್ರೆಯೆನಿಸುವುದು. ಇಂಗ್ಲೆಂಡು ದೇಶದ ಹಳ್ಳಿಗಳಲ್ಲಿ ಹೊಲಗೆಲಸದಿಂದ ಜೀವಿಸಿದ ಮನೆತನಗಳ ವಿಷಯದಲ್ಲಿ ಮೊದಲನೆಯದು ಬಹುಮಟ್ಟಿಗೆ ಸುಲಭವಾಗಿಯೂ ಎರಡನೆಯದು ದುರ್ಲಭವಾಗಿಯೂ ಇರುವುದು. ಈ ಎರಡನೆಯದಕ್ಕೆ ಆಯಾ ಸೀಮೆಯ ಹಳೆಯ ವೃತ್ತಪತ್ರಿಕೆಗಳು ಎಷ್ಟರಮಟ್ಟಿಗೆ ಪ್ರಮಾಣವಾಗಬಲ್ಲವು, ಅವನ್ನು ಹುಡುಕುವ ಕ್ರಮವೇನು, ಹುಡುಕಿಯೂ ಕಾಣದಿದ್ದಲ್ಲಿ ಏನನ್ನು ನಿರ್ಣಯಿಸಬಹುದು ಎಂಬ ಮೂರು ವಿಷಯಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

ಮೊದಲು ಪತ್ರಿಕೇತರವಾದ ಆಧಾರಗಳನ್ನು ನೋಡೋಣ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು, ಪ್ರತಿಯೊಂದು ಪ್ಯಾರಿಷಿನ ಪಾದ್ರಿಯೂ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ವಿಧಿಸಿದನು. 1837ರ ಜುಲೈ 1ರಿಂದ ಜನನಮರಣವಿವಾಹಗಳ ಸರ್ಕಾರಿ ದಾಖಲೆ ಮೊದಲಾಯಿತು. 1841ರ ಜನಗಣತಿಯಿಂದ ಮನೆಮನೆಯವರ ಹೆಸರುಗಳೂ, 1851ರ ಗಣತಿಯಿಂದ ಅವರು ಹುಟ್ಟಿದ ಪ್ಯಾರಿಷುಗಳೂ ದೊರೆಯುತ್ತವೆ. ಇವೆಲ್ಲವೂ ಅಮೂಲ್ಯವಾದ ಆಧಾರಗಳೇ ಸರಿ. ಆದರೆ ಅವುಗಳ ಮಾತು ಮಿತವಾದುದು. 1813ರಿಂದ ಬಳಕೆಗೆ ಬಂದ ಅಚ್ಚಿನ ಶವಸಂಸ್ಕಾರ ಪುಸ್ತಕದಲ್ಲಿ ಹೆಸರು, ವಾಸಸ್ಥಳ, ದಿನ, ವಯಸ್ಸು, ಪಾದ್ರಿಯ ಸಹಿ ಇಷ್ಟಕ್ಕೇ ಸ್ಥಳವಿತ್ತು. ಸತ್ತವನು ಜ್ವರದಿಂದ ಸತ್ತನೋ, ಧಾನ್ಯದ ಬಂಡಿಯ ಗಾಲಿಗೆ ಸಿಕ್ಕಿ ಸತ್ತನೋ ಅದರಿಂದ ತಿಳಿಯಲಾರದು. ಅಂತಹ ಅಪಮೃತ್ಯುವಿನ ವಿಚಾರಣೆಯನ್ನು ಕಾರೊನರ್ ಎಂಬ ಅಧಿಕಾರಿಯು ಊರಿನ ಪಾನಗೃಹದಲ್ಲಿಯೇ ಅನೇಕ ವೇಳೆ ನಡೆಸುತ್ತಿದ್ದನು. ಅವನ ಕಡತಗಳು ಬಹಳ ಕಡೆ ನಷ್ಟವಾಗಿರುವುದರಿಂದ, ಆ ವಾರದ ಪತ್ರಿಕೆಯ ಹತ್ತು ಪಂಕ್ತಿಗಳೇ ಈಗ ಉಳಿದಿರುವ ಏಕಮಾತ್ರ ಸಾಕ್ಷ್ಯವಾಗಿರುವುದುಂಟು.

ಇನ್ನು ಪತ್ರಿಕೆಗಳ ಹುಟ್ಟನ್ನು ನೋಡಬೇಕು. 1695ರಲ್ಲಿ ಮುದ್ರಣಾನುಮತಿಯ ಶಾಸನವು ಅವಧಿ ಮುಗಿದು ನಿಂತುಹೋಯಿತು. ಅನಂತರ ಲಂಡನ್ನಿನ ಹೊರಗೂ ಅಚ್ಚುಕೂಟಗಳು ಹರಡಿದುವು. 1701ರಲ್ಲಿ ನಾರ್ವಿಚ್ ನಗರದಲ್ಲಿ ಹೊರಟ ಪತ್ರಿಕೆಯನ್ನು ಪ್ರಾಂತಪತ್ರಿಕೆಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. 1753ರಲ್ಲಿ ಆಕ್ಸ್‌ಫರ್ಡಿನ ‘ಜಾಕ್ಸನ್ಸ್ ಆಕ್ಸ್‌ಫರ್ಡ್ ಜರ್ನಲ್’ ಮೊದಲಾಯಿತು. ಆದರೆ 1712ರಲ್ಲಿ ವಿಧಿಸಿದ ಮುದ್ರಾಸುಂಕವು ಏರುತ್ತ ಏರುತ್ತ 1815ರಲ್ಲಿ ಪ್ರತಿಯೊಂದಕ್ಕೆ 4 ಪೆನ್ಸಾಯಿತು. ಹೊಲದ ಕೂಲಿಗಾರನು ಅಂತಹ ಪತ್ರಿಕೆಯನ್ನು ಕೊಳ್ಳುವ ಮಾತೇ ಇರಲಿಲ್ಲ. ಸುಂಕವು 1836ರಲ್ಲಿ 1 ಪೆನ್ನಿಗೆ ಇಳಿದು 1855ರಲ್ಲಿ ರದ್ದಾಯಿತು. ಆಮೇಲೆಯೇ ಸಣ್ಣ ಸಣ್ಣ ಸಂತೆಪಟ್ಟಣಗಳಲ್ಲಿಯೂ ಪತ್ರಿಕೆಗಳು ತಲೆಯೆತ್ತಿ, ಒಂದೊಂದು ಹಳ್ಳಿಯ ಹೆಸರಿನ ಕೆಳಗೆ ಆ ಊರಿನ ಸಮಾಚಾರವನ್ನು ಅಚ್ಚುಮಾಡತೊಡಗಿದುವು. ಆದುದರಿಂದ ಶೋಧಕನು 1855ಕ್ಕೆ ಹಿಂದಿನ ಪತ್ರಿಕೆಯಿಂದ ಒಂದು ಬಗೆಯ ಫಲವನ್ನೂ, ಮುಂದಿನದರಿಂದ ಮತ್ತೊಂದು ಬಗೆಯ ಫಲವನ್ನೂ ನಿರೀಕ್ಷಿಸಬೇಕು.

ಹಿಂದಿನ ಕಾಲದಲ್ಲಿ ವಿವಾಹಮರಣಗಳ ಪ್ರಕಟನೆಯು ಪ್ರಾಯಶಃ ಸ್ಥಿತಿವಂತರಿಗೆ ಮೀಸಲಾಗಿತ್ತು. ಬಡವನು ಪತ್ರಿಕೆಯೊಳಕ್ಕೆ ಬರುತ್ತಿದ್ದುದು ಕಷ್ಟದ ಬಾಗಿಲಿನಿಂದ. ಹೆಂಡತಿಮಕ್ಕಳನ್ನು ಪ್ಯಾರಿಷಿನ ಪಾಲಿಗೆ ಬಿಟ್ಟು ಓಡಿಹೋದವನನ್ನು ಹಿಡಿಯಲೋಸುಗ ಪ್ಯಾರಿಷಿನ ಅಧಿಕಾರಿಗಳು ಕೊಡುತ್ತಿದ್ದ ಜಾಹೀರಾತುಗಳಲ್ಲಿ ಅವನ ಎತ್ತರ, ಕೂದಲಿನ ಬಣ್ಣ, ತೊಟ್ಟ ಬಟ್ಟೆಗಳ ವರ್ಣನೆಯುಂಟು. ಛಾಯಾಚಿತ್ರವಿಲ್ಲದ ಆ ಕಾಲದ ಕೂಲಿಗಾರನೊಬ್ಬನ ರೂಪವನ್ನು ಇಂದಿನ ಮರಿಮಕ್ಕಳು ಕಾಣುವುದಕ್ಕೆ ಇದಕ್ಕಿಂತ ಬೇರೆ ಸಾಧನವು ವಿರಳ. ವ್ಯವಸಾಯ ಸಂಘಗಳ ವಾರ್ಷಿಕ ಸಭೆಗಳ ವರದಿಗಳಾದರೋ ಸ್ವಲ್ಪ ಗೌರವದ ದ್ವಾರವು. ಚೆನ್ನಾಗಿ ಉತ್ತವನಿಗೆ, ಒಬ್ಬನೇ ಯಜಮಾನನಲ್ಲಿ ಬಹುಕಾಲ ದುಡಿದವನಿಗೆ, ಪ್ಯಾರಿಷಿನ ನೆರವನ್ನು ಬೇಡದೆ ಹೆಚ್ಚು ಮಕ್ಕಳನ್ನು ಸಾಕಿದವನಿಗೆ ಕೊಟ್ಟ ಬಹುಮಾನಗಳು ಅವುಗಳಲ್ಲಿ ಹೆಸರುಸಹಿತವಾಗಿ ಕಾಣುತ್ತವೆ.

ಒಂದು ನಿದರ್ಶನದಿಂದ ಈ ಮಾತು ಸ್ಪಷ್ಟವಾಗುವುದು. ಆಕ್ಸ್‌ಫರ್ಡ್ ಕೌಂಟಿಯಲ್ಲಿ ಆಸ್ಕಟ್-ಅಂಡರ್-ವಿಚ್‌ವುಡ್ ಎಂಬುದೊಂದು ಹಳ್ಳಿ. 1872ರಲ್ಲಿ ಜೋಸೆಫ್ ಆರ್ಚನ ನಾಯಕತ್ವದಲ್ಲಿ ಹುಟ್ಟಿದ ವ್ಯವಸಾಯ ಕೂಲಿಗಾರರ ಸಂಘಕ್ಕೆ ಈ ಊರಿನವರೂ ಸೇರಿದ್ದರು. 1873ರ ವಸಂತದಲ್ಲಿ ಕೂಲಿಯ ವಿಷಯವಾಗಿ ಕೆಲಸ ನಿಂತಿತು. ರೈತನೊಬ್ಬನು ನೆರೆಯ ರಾಮ್ಸ್‌ಡೆನ್ನಿನಿಂದ ಇಬ್ಬರು ತರುಣರನ್ನು ಕರೆಯಿಸಿಕೊಳ್ಳಲು, ಊರಿನ ಹೆಂಗಸರು ಅವರನ್ನು ದಾರಿಯಲ್ಲಿ ತಡೆದರು. ಮೇ 21ರಂದು ಚಿಪಿಂಗ್ ನಾರ್ಟನ್ ಪಟ್ಟಣದಲ್ಲಿ ವಿಚಾರಣೆ ನಡೆಯಿತು. ಪಾದ್ರಿಗಳೇ ಆಗಿದ್ದ ಇಬ್ಬರು ಮ್ಯಾಜಿಸ್ಟ್ರೇಟರು 16 ಮಂದಿ ಹೆಂಗಸರಿಗೆ, ಕೆಲವರಿಗೆ 7 ದಿನ, ಕೆಲವರಿಗೆ 10 ದಿನ, ಕಠಿಣಸಜೆಯನ್ನು ವಿಧಿಸಿದರು. ಮೊಲೆಗೂಸುಗಳನ್ನು ಎತ್ತಿಕೊಂಡೇ ಸೆರೆಮನೆಗೆ ಹೋದವರೂ ಅವರಲ್ಲಿದ್ದರು. ಆ ರಾತ್ರಿ ಪಟ್ಟಣದಲ್ಲಿ ದೊಂಬಿಯಾಯಿತು. ಹಳ್ಳಿಯ ಚರ್ಚಿನ ಪುಸ್ತಕವನ್ನು ಮಾತ್ರ ನೋಡಿದವನಿಗೆ ಈ ಸ್ತ್ರೀಯರು ಯಾರಿಗೋ ಮಗಳು, ಯಾರಿಗೋ ಹೆಂಡತಿ, ಇಷ್ಟೇ. ನ್ಯಾಯಸ್ಥಾನದ ವರದಿಯನ್ನು ಓದಿದವನಿಗಾದರೋ ಅವರು ಮಾತನಾಡುವ, ಸಿಟ್ಟಾಗುವ, ಒಟ್ಟುಗೂಡುವ ವ್ಯಕ್ತಿಗಳಾಗಿ ಎದುರು ನಿಲ್ಲುತ್ತಾರೆ.

ಹುಡುಕುವ ಕ್ರಮಕ್ಕೆ ನಮ್ಮ ಶಾಸ್ತ್ರಕಾರರ ಅರುಂಧತೀದರ್ಶನ ನ್ಯಾಯವು ತಕ್ಕುದಾಗಿದೆ. ಸೂಕ್ಷ್ಮವಾದ ಅರುಂಧತಿಯನ್ನು ತೋರಿಸುವುದಕ್ಕೆ ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವನ್ನು ತೋರಿಸುವಂತೆ, ಹಳ್ಳಿಗೆ ಮೊದಲು ಅದರ ಸಂತೆಪಟ್ಟಣವನ್ನೂ ನ್ಯಾಯಸ್ಥಾನದ ಪಟ್ಟಣವನ್ನೂ ಗೊತ್ತುಮಾಡಬೇಕು. ಆಸ್ಕಟ್ಟಿನ ಪ್ರಸಂಗಕ್ಕೆ ಚಿಪಿಂಗ್ ನಾರ್ಟನ್ನೂ ಆಕ್ಸ್‌ಫರ್ಡೂ ಅಂತಹ ನಕ್ಷತ್ರಗಳು. ಮೇ 21 ಬುಧವಾರ. ಜಾಕ್ಸನ್ನನ ಪತ್ರಿಕೆಯು ಹೊರಡುತ್ತಿದ್ದುದು ಶನಿವಾರ. ಆದಕಾರಣ ಮೊದಲು ನೋಡತಕ್ಕದ್ದು 24ನೆಯ ತಾರೀಖಿನ ಸಂಚಿಕೆ. ಹಳ್ಳಿಯು ಕೌಂಟಿಯ ಗಡಿಯಲ್ಲಿದ್ದರೆ ಆಚೆಯ ಕೌಂಟಿಯ ಪತ್ರಿಕೆಯನ್ನೂ ಬಿಡಲಾಗದು. ಯಾವ ಪಟ್ಟಣದಲ್ಲಿ ಯಾವ ಪತ್ರಿಕೆಯಿತ್ತು, ಅದು ಯಾವ ಪಕ್ಷದ್ದು ಎಂಬುದಕ್ಕೆ 1846ರಿಂದ ಹೊರಟ ಮಿಚೆಲ್ಲನ ಪತ್ರಿಕಾನಿರ್ದೇಶಿಕೆಯು ಒಳ್ಳೆಯ ಕೈಮರ.

ಪತ್ರಿಕೆಗಳ ದೊಡ್ಡ ಭಂಡಾರವು ಬ್ರಿಟಿಷ್ ಲೈಬ್ರರಿಯದು. ಲಂಡನ್ನಿನ ಕಾಲಿಂಡೇಲಿನಲ್ಲಿದ್ದ ವಾಚನಾಲಯವು 2013ರಲ್ಲಿ ಮುಚ್ಚಿ, ಸಂಗ್ರಹವು ಯಾರ್ಕ್‌ಷೈರಿನ ಬಾಸ್ಟನ್ ಸ್ಪಾಕ್ಕೆ ಹೋಯಿತು. 2011ರಲ್ಲಿ ಆರಂಭವಾದ ‘ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್’ ಮೂಲಕ ಈಗ ಕೋಟ್ಯಂತರ ಪುಟಗಳನ್ನು ಮನೆಯಲ್ಲಿ ಕುಳಿತೇ, ಹೆಸರನ್ನು ಕೊಟ್ಟು ಹುಡುಕಬಹುದಾಗಿದೆ. ಆದರೆ ಇಲ್ಲಿ ಅಕ್ಷರಗಳನ್ನು ಓದುವುದು ಯಂತ್ರ. ತಾಳೆಗರಿಯ ಲಿಪಿಕಾರನಿಗೆ ಪ್ರಮಾದವಿರುವಂತೆ ಇದಕ್ಕೂ ಇದೆ. 1800ರ ಸುಮಾರಿನವರೆಗೆ ಇಂಗ್ಲಿಷ್ ಮುದ್ರಣದಲ್ಲಿ ಬಳಸುತ್ತಿದ್ದ ಉದ್ದನೆಯ ಸಕಾರವು ಫಕಾರದಂತೆ ಕಾಣುವುದರಿಂದ ‘ಸಸೆಕ್ಸ್’ ಎಂಬುದು ‘ಸಫೆಕ್ಸ್’ ಆಗುವುದು. ಮಸಿ ಹರಡಿದಲ್ಲಿ ಹೆಸರೇ ಮಾಯವಾಗುವುದು. ಪಾಠಾಂತರಗಳನ್ನು ಊಹಿಸಬಲ್ಲವನು ಇಲ್ಲಿ ಸೋಲಲಾರನು. ವ್ಯಕ್ತಿಯ ಹೆಸರು ಸಿಕ್ಕದಿದ್ದರೆ ಊರಿನ ಹೆಸರು, ಯಜಮಾನನ ಹೆಸರು, ಪಾನಗೃಹದ ಹೆಸರುಗಳಿಂದ ಹುಡುಕುವುದು ಯುಕ್ತ.

ಇಷ್ಟಾದರೂ ಸಿಕ್ಕದಿದ್ದರೆ? ಶೋಧಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಲಾಗದು. 1940ರ ಅಕ್ಟೋಬರ್ 20ರಂದು ಕಾಲಿಂಡೇಲಿನ ಭಂಡಾರದ ಮೇಲೆ ಬಾಂಬು ಬಿದ್ದು, ಪ್ರಾಂತಪತ್ರಿಕೆಗಳ ಸುಮಾರು 6,000 ಸಂಪುಟಗಳು ನಾಶವಾದುವು. ಆ ವರ್ಷಗಳ ಸಂಚಿಕೆಗಳು ಕೌಂಟಿಯ ದಾಖಲೆಯ ಕಚೇರಿಯಲ್ಲಿಯೋ ಊರಿನ ಗ್ರಂಥಾಲಯದಲ್ಲಿಯೋ ಉಳಿದಿರಬಹುದು. ಆದುದರಿಂದ ಆ ವಾರದ ಸಂಚಿಕೆಯು ಉಳಿದಿದೆಯೇ, ಯಂತ್ರದ ಸಂಗ್ರಹಕ್ಕೆ ಸೇರಿದೆಯೇ, ಅದರ ಅಕ್ಷರಗಳು ಸರಿಯಾಗಿ ಓದಲ್ಪಟ್ಟಿವೆಯೇ, ಅಂತಹ ಸಂಗತಿಯನ್ನು ಆ ಪತ್ರಿಕೆಯು ಅಚ್ಚುಮಾಡುವ ರೂಢಿಯಿತ್ತೇ, ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದ ಮೇಲೆಯೇ ‘ಪತ್ರಿಕೆಯಲ್ಲಿ ಇಲ್ಲ’ ಎಂಬ ಮಾತಿಗೆ ಬೆಲೆ ಬರುವುದು.

ಸಿಕ್ಕಿದ ವರದಿಯಾದರೂ ಆಪ್ತವಾಕ್ಯವೇ ಎಂಬುದನ್ನು ಪರೀಕ್ಷಿಸಬೇಕು. ವರದಿಗಾರನು ಹಳ್ಳಿಗರ ಉಚ್ಚಾರಣೆಯನ್ನು ತಪ್ಪಾಗಿ ಕೇಳಿರಬಹುದು. ಪತ್ರಿಕೆಯನ್ನು ಕೊಳ್ಳುತ್ತಿದ್ದವರ ದೃಷ್ಟಿಯಿಂದ ಕೂಲಿಗಾರನನ್ನು ನೋಡಿರಬಹುದು. ಆಸ್ಕಟ್ಟಿನ ಪ್ರಸಂಗವನ್ನು ಕೌಂಟಿಯ ಪತ್ರಿಕೆಯಲ್ಲಿಯೂ, 1872ರಿಂದ ಲೆಮಿಂಗ್ಟನ್ನಿನಲ್ಲಿ ಹೊರಡುತ್ತಿದ್ದ ‘ಲೇಬರರ್ಸ್ ಯೂನಿಯನ್ ಕ್ರಾನಿಕಲ್’ ಪತ್ರಿಕೆಯಲ್ಲಿಯೂ ಓದಿ, ಸೆರೆಮನೆ ನ್ಯಾಯಸ್ಥಾನಗಳ ದಾಖಲೆಗಳೊಡನೆ ತೂಗಿ ನೋಡತಕ್ಕದ್ದು. ತಮ್ಮ ಕಥೆಯನ್ನು ತಾವೇ ಬರೆಯಲಾರದೆ ಹೋದ ಜನರ ವಿಷಯದಲ್ಲಿ ಈ ಶ್ರಮವು ಹೆಚ್ಚೆನಿಸಲಾರದು. ಅವರ ಮೇಲೆ ಬಂದ ಅಪವಾದವನ್ನು ಪರೀಕ್ಷಿಸದೆ ಒಪ್ಪುವುದೂ, ಅವರ ಹೆಸರು ಸಿಕ್ಕಲಿಲ್ಲವೆಂದು ಪುಟವನ್ನು ಮುಚ್ಚುವುದೂ ಅವರಿಗೆ ಸಮನಾದ ಅನ್ಯಾಯವೆಂದು ನಮ್ಮ ಅಭಿಪ್ರಾಯ.