ಡೌನ್ ಗಾಡಿ ಘಟ್ಟ ಏರುತ್ತದೆ

ನಮ್ಮಪ್ಪ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ನಮ್ಮ ಕ್ವಾರ್ಟರ್ಸಿನಲ್ಲಿ ಗಡಿಯಾರ ಇರಲಿಲ್ಲ, ಇದ್ದದ್ದು ಗಾಡಿಗಳು. ರಾತ್ರಿ ಮದ್ರಾಸ್ ಕಡೆಗೆ ಮೇಲ್ ಹೋದ ಸದ್ದಾದರೆ, “ಡೌನ್ ಹೋತು, ಇನ್ನ ಮಕ್ಕೋ ತಮ್ಮಾ” ಎನ್ನುತ್ತಿದ್ದ. ಮುಂಬೈ ಕಡೆಗೆ ಹೋಗುವುದೆಲ್ಲ ಅಪ್. ಒಮ್ಮೆ ಕೇಳಿದೆ: “ಅಪ್ಪಾ, ಬೊಂಬಾಯಿ ಗುಡ್ಡದ ಮ್ಯಾಲ ಅದ ಏನು?”

“ಗುಡ್ಡ ಅಲ್ಲೋ. ಅಲ್ಲಿ ದೊಡ್ಡ ಸಾಹೇಬ್ರು ಇರ್ತಾರ.”

ಮುಂದೆ ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿ ‘ಡೌನ್ ಎಂದರೆ ಕೆಳಕ್ಕೆ’ ಎಂದು ಹುಡುಗರಿಗೆ ಹೇಳಿಕೊಟ್ಟೆ. ಅಪ್ಪನ ಅರ್ಥವೇ ಸರಿಯಿತ್ತು.

ಮುಂಬೈಯಿಂದ ನಮ್ಮ ಕಡೆ ಬರುವ ಗಾಡಿಯಲ್ಲಿ ಕೂತು ನೋಡಿ. ಕರ್ಜತ್‌ನಲ್ಲಿ ಎಲ್ಲರೂ ವಡಾಪಾವ್‌ಗೆ ಕೈಚಾಚುತ್ತಿರುವಾಗ ಹಿಂದಿನಿಂದ ‘ಧಡ್’ ಎಂದು ಒಂದು ಗುದ್ದು. ಗಾಡಿಯ ಬೆನ್ನಿಗೆ ಬ್ಯಾಂಕರ್ ಎಂಜಿನ್ ಹಚ್ಚಿದರು ಅಂತ ಅರ್ಥ. ಮುಂದೆ ಭೋರ್ ಘಾಟ್. 37 ಅಡಿ ಸಾಗಿದರೆ ಒಂದು ಅಡಿ ಏರು. ಮುಂದಿನದು ಎಳೆಯಬೇಕು, ಹಿಂದಿನದು ನೂಕಬೇಕು, ಸುರಂಗದ ಮೇಲೆ ಸುರಂಗ ದಾಟಿ ಲೋಣಾವಳ ತಲುಪಬೇಕು. 1863ರಲ್ಲಿ ಈ ಘಟ್ಟದ ದಾರಿ ತೆರೆದಾಗಿನಿಂದ ಎಂಜಿನ್‌ಗಳು ಹೀಗೆ ಏದುಸಿರು ಬಿಡುತ್ತ ಹತ್ತುವ ಹಳಿಯ ಹೆಸರು ಡೌನ್ ಲೈನ್! ಜಾರಿಕೊಂಡು ಇಳಿಯುವುದು ಅಪ್.

ಇದರ ಮೂಲ ಇಂಗ್ಲೆಂಡಿನದು. ಅಲ್ಲಿ ಲಂಡನ್ನಿಗೆ ಹೋಗುವುದೆಂದರೆ, ಸ್ಕಾಟ್ಲೆಂಡಿನ ಬೆಟ್ಟದಿಂದ ಇಳಿದು ಬಂದರೂ, ‘ಅಪ್’ ಹೋಗುವುದೇ. ಕುದುರೆ ಕೋಚುಗಳ ಕಾಲದ ಈ ಮಾತನ್ನು ರೈಲಿನವರು ಎತ್ತಿಕೊಂಡರು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಗಾಡಿ ಬಿಟ್ಟ ಕಂಪನಿ ಅದನ್ನೇ ಹಡಗಿನಲ್ಲಿ ತಂದಿತು, ಮುಂಬೈ ನಮ್ಮ ಲಂಡನ್ ಆಯಿತು. ಕಲ್ಕತ್ತೆಯವರದು ಉಲ್ಟಾ. ಹೌರಾ ಬಿಟ್ಟು ಉತ್ತರಕ್ಕೆ ಹೊರಟ ಕಾಲ್ಕಾ ಮೇಲ್ ಆಗ 1 ಅಪ್, ವಾಪಸು ಬರುತ್ತಿದ್ದದ್ದು 2 ಡೌನ್. ಒಂದೇ ದೇಶ, ಒಂದೇ ಸರ್ಕಾರ, ಆದರೂ ಮೇಲು ಯಾವುದು ಕೆಳಗು ಯಾವುದು ಎಂಬುದರಲ್ಲಿ ಒಮ್ಮತವಿಲ್ಲ.

ಇನ್ನೂ ತಮಾಷೆ ‘ಡೌನ್’ ಎಂಬ ಶಬ್ದದ ಹುಟ್ಟಿನಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ‘ಡೂನ್’ ಎಂದರೆ ಗುಡ್ಡ. ‘ಆಫ್ ಡೂನೆ’ ಅಂದರೆ ಗುಡ್ಡದಿಂದ. ಬಾಯಿಂದ ಬಾಯಿಗೆ ಸವೆದು, ಮೊದಲ ಅಕ್ಷರ ಉದುರಿ, ಉಳಿದದ್ದು ಡೌನ್. ಇಳಿಯುವವನು ಇಳಿದು ಹೋದ, ಗುಡ್ಡ ಮಾತ್ರ ಶಬ್ದದೊಳಗೇ ಉಳಿಯಿತು. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡಗಳಿಗೆ ಇಂದಿಗೂ ಸೌತ್ ಡೌನ್ಸ್ ಎಂದೇ ಹೆಸರು. ಅಷ್ಟು ದೂರ ಯಾಕೆ, ಊಟಿಯಲ್ಲಿ ಸಿನಿಮಾದವರು ಹಾಡಿಗೆ ಕುಣಿಸುವ ಆ ಹುಲ್ಲುಗುಡ್ಡಗಳೂ ವೆನ್‌ಲಾಕ್ ಡೌನ್ಸ್. ಮದ್ರಾಸಿನ ಗವರ್ನರನಾಗಿದ್ದ ವೆನ್‌ಲಾಕ್ ಹೆಸರಿನವು.

ನಮ್ಮಲ್ಲೂ ನೆಲವೇ ಮಾತು ಕಲಿಸಿದೆ. ಶಿವಮೊಗ್ಗದವರಿಗೆ ಉಡುಪಿ ಘಟ್ಟದ ಕೆಳಗೆ, ಉಡುಪಿಯವರಿಗೆ ಶಿವಮೊಗ್ಗ ಘಟ್ಟದ ಮೇಲೆ. ತಮಿಳಿನ ಪಡುವಣ ‘ಮೇಱ್ಕು’ ಮೇಲಿನಿಂದ ಬಂದದ್ದು, ಮೂಡಣ ‘ಕಿಳಕ್ಕು’ ಕೆಳಗಿನಿಂದ. ಪಡುವಲಲ್ಲಿ ಬೆಟ್ಟ, ಮೂಡಲಲ್ಲಿ ಕಡಲು ಇರುವ ನಾಡಿಗೆ ಅದು ಹೊಂದುತ್ತದೆ. ಆದರೆ ಬೆಟ್ಟವೆಲ್ಲ ಮೂಡಲಲ್ಲೇ ಇರುವ ಮಲಯಾಳಿಗಳೂ ಆ ದಿಕ್ಕನ್ನು ‘ಕಿಳಕ್ಕ್’ ಎನ್ನುತ್ತಾರೆ. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಇದನ್ನು ಹಿಡಿದು, ಈ ಜನ ಘಟ್ಟದ ಆಚೆಯಿಂದ ಬಂದವರೆಂದು ವಾದಿಸಿದ. ಕನ್ನಡವಾದರೋ ಬೆಟ್ಟದ ಗೊಡವೆಗೆ ಹೋಗದೆ, ಸೂರ್ಯ ಮೂಡುವ, ಬೀಳುವ ಕಡೆ ನೋಡಿ ಹೆಸರಿಟ್ಟಿತು.

ಗಾಡಿಗಳಿಗೆ ಈಗ ಐದಂಕಿಯ ನಂಬರು. 2010ರ ಡಿಸೆಂಬರಿನಿಂದ ಬಂದದ್ದು. ಟಿಕೆಟ್ಟಿನ ಮೇಲೆ ಅಪ್ ಇಲ್ಲ, ಡೌನ್ ಇಲ್ಲ. ವಾಡಿಯ ಹಳಿಗಳಿಗೆ ಮಾತ್ರ ಇನ್ನೂ ಅವೇ ಹೆಸರು.