ಎಂಜಿನ್ ಕೋಡ್ ಅಳಿಸುವಿಕೆ

ವಾಹನದ ಎಂಜಿನ್ ಕಂಪ್ಯೂಟರು, ಅಂದರೆ ಇಸಿಎಂ, ತನ್ನ ನೆನಪಿನಲ್ಲಿ ಬರೆದಿಟ್ಟುಕೊಂಡ ದೋಷದ ಗುರುತುಗಳನ್ನು ರಿಪೇರಿಯ ನಂತರ ಅಳಿಸುವ ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಗ್ಯಾರೇಜು ಮಾತಿನಲ್ಲಿ ಇದು ‘ಸ್ಕ್ಯಾನರ್ ಹಾಕಿ ಕ್ಲಿಯರ್ ಮಾಡೋದು’. ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಹಳದಿ ದೀಪ ‘ಚೆಕ್ ಲೈಟು’. ಕಾಯಿಲೆ ಗುಣವಾಗುವ ಮೊದಲೇ ಚೀಟಿ ಹರಿದುಹಾಕಿದರೆ ಮುಂದಿನ ವೈದ್ಯರಿಗೆ ಏನೂ ತಿಳಿಯದು. ಕೋಡನ್ನು ಓದದೆ, ಬರೆದುಕೊಳ್ಳದೆ ಅಳಿಸಿದರೂ ಆಗುವುದು ಅದೇ.

ಭಾರತದಲ್ಲಿ ಬಿಎಸ್-4 ಹೊಗೆ ನಿಯಮದ ಕಾರುಗಳಿಗೆ, ಇಸಿಎಂ ದೋಷವನ್ನು ತಾನೇ ಪತ್ತೆಹಚ್ಚುವ ಈ ಸ್ವಯಂತಪಾಸಣೆಯ ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೆಯ ಹಂತ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಂದು ಬಿಎಸ್-6 ಬಂದ ಮೇಲೆ ದ್ವಿಚಕ್ರ ವಾಹನಗಳೂ ಇದರೊಳಗೆ ಸೇರಿದವು.

ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಸಾಕೆಟ್ಟು ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಗಿರುತ್ತದೆ. ‘ಪಿ’ ಅಕ್ಷರದಿಂದ ಶುರುವಾಗುವ ಕೋಡು ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಸೇರಿದ್ದು. ಪಿ0300 ಎಂದರೆ ಸಿಲಿಂಡರುಗಳಲ್ಲಿ ಮಿಸ್‌ಫೈರ್, ಪಿ0420 ಎಂದರೆ ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಕುಗ್ಗಿದೆ ಎಂದು. ಕೋಡಿನ ಜೊತೆಗೇ ದೋಷ ಕಂಡ ಕ್ಷಣದ ಎಂಜಿನ್ ವೇಗ, ಶಾಖ, ಲೋಡು ಕೂಡ ದಾಖಲಾಗಿರುತ್ತವೆ. ಅಳಿಸುವ ಗುಂಡಿ ಒತ್ತಿದರೆ ಇವೆಲ್ಲವೂ ಒಟ್ಟಿಗೇ ಹೋಗುತ್ತವೆ, ಮರಳಿ ತರಲಾಗದು.

ಎಷ್ಟೋ ಸಲ ಸರ್ವಿಸ್ ಮಾಡಿದ್ದರಿಂದಲೇ ಕೋಡು ಹುಟ್ಟುತ್ತದೆ. ಮಾಲೂರಿನ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳ ಸುತ್ತ, ಜಲ್ಲಿ ಕ್ರಷರುಗಳ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರು ಬೇಗ ಧೂಳು ಕಟ್ಟುತ್ತದೆ. ಅದನ್ನು ಬದಲಿಸುವಾಗ ಪಕ್ಕದ ಸೆನ್ಸರಿನ ಪ್ಲಗ್ಗು ತೆಗೆದು, ಮತ್ತೆ ಸಿಕ್ಕಿಸುವ ಮೊದಲೇ ಕೀ ಆನ್ ಮಾಡಿದರೆ ಪಿ0113ರಂಥ ಕೋಡು ದಾಖಲಾಗುತ್ತದೆ: ಒಳಬರುವ ಗಾಳಿಯ ಶಾಖ ಅಳೆಯುವ ಸೆನ್ಸರಿನ ತಂತಿ ತುಂಡಾದಂತೆ ಇಸಿಎಂಗೆ ಕಾಣುತ್ತದೆ. ಪ್ಲಗ್ಗು ಭದ್ರಪಡಿಸಿ, ಎಂಜಿನ್ ನಿಲ್ಲಿಸಿ ಕೀ ಆನ್ ಇಟ್ಟು ಅಳಿಸಿದರೆ ಸಾಕು. ‘ಸರ್ವಿಸ್ ಡ್ಯೂ’ ಸೂಚನೆ ಇದರಿಂದ ಹೋಗುವುದಿಲ್ಲ. ಅದು ಕಿಲೋಮೀಟರಿನ ಲೆಕ್ಕ. ಅದಕ್ಕೆ ಬೇರೆಯೇ ರೀಸೆಟ್ ಇದೆ.

ಈ ಸೀಮೆಯಲ್ಲಿ ಹೆಚ್ಚು ನಷ್ಟ ತರುವುದು ಬಿಎಸ್-6 ಡೀಸೆಲ್ ಪಿಕಪ್‌ಗಳ ಡಿಪಿಎಫ್ ಕೋಡುಗಳು. ಹಳ್ಳಿಯಿಂದ ಟೊಮೆಟೊ ಕ್ರೇಟು ತುಂಬಿಕೊಂಡು ಕೋಲಾರದ ಎಪಿಎಂಸಿಗೆ, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ ಬರುವ ಗಾಡಿ ಓಡುವುದು ಸ್ವಲ್ಪ ದೂರ. ಸಾಲಿನಲ್ಲಿ ಎಂಜಿನ್ ಆಡಿಸಿಕೊಂಡು ನಿಲ್ಲುವುದು ಬಹಳ ಹೊತ್ತು. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರಾದ ಡಿಪಿಎಫ್ ತನ್ನಲ್ಲಿ ಕೂತ ಮಸಿಯನ್ನು ಸುಟ್ಟುಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇಂಥ ಓಡಾಟದಲ್ಲಿ ಅದು ಸಿಗುವುದಿಲ್ಲ. ಮಸಿ ಮಿತಿ ಮೀರಿದಾಗ ಪಿ2463 ಬರುತ್ತದೆ, ಗಾಡಿಯ ಎಳೆತ ಕುಗ್ಗುತ್ತದೆ. ಆಗ ಕೋಡು ಅಳಿಸಿದರೆ ದೀಪವೇನೋ ಆರುತ್ತದೆ, ಮಸಿ ಎಲ್ಲಿಗೂ ಹೋಗಿರುವುದಿಲ್ಲ. ಫಿಲ್ಟರಿನ ಎರಡೂ ಬದಿಯ ಒತ್ತಡ ಅಳೆಯುವ ಸೆನ್ಸರು ಮತ್ತೆ ಅದನ್ನೇ ಹೇಳುತ್ತದೆ. ಹಾಗೆ ಮೂರು ನಾಲ್ಕು ಸಲ ಅಳಿಸಿ ದುಡಿಸಿದರೆ, ಸುಟ್ಟು ಶುಚಿಯಾಗಬಹುದಾಗಿದ್ದ ಫಿಲ್ಟರನ್ನು ಕಳಚಿ ಬದಲಿಸಬೇಕಾದೀತು. ರೈತನ ಒಂದು ಬೆಳೆಯ ಲಾಭ ಅದಕ್ಕೇ ಹೋದೀತು.

ಎಚ್ಚರಿಕೆ ಮೊದಲ ಹಂತದಲ್ಲಿರುವಾಗಲೇ ಗಾಡಿಯನ್ನು ಹೈವೇಗೆ ಒಯ್ಯುವುದು ಸುಲಭದ ದಾರಿ. ಕೋಲಾರದಿಂದ ಮುಳಬಾಗಿಲಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 30 ಕಿ.ಮೀ.; ನಿಲ್ಲದೆ ಒಂದೇ ವೇಗದಲ್ಲಿ ಓಡಿಸಿದರೆ ಮಸಿ ಸುಡಲು ಸಾಮಾನ್ಯವಾಗಿ ಅಷ್ಟು ಸಾಕು. ಹಂತ ಮೀರಿದ್ದರೆ ಸ್ಕ್ಯಾನರಿನಿಂದಲೇ ರೀಜನರೇಷನ್, ಅಂದರೆ ಮಸಿ ಸುಡುವ ಕೆಲಸ, ಮಾಡಿಸಬೇಕು. ಹೊಸ ಫಿಲ್ಟರು ಹಾಕಿದಾಗ ಇಸಿಎಂನೊಳಗಿನ ಹಳೆಯ ಮಸಿಯ ಲೆಕ್ಕವನ್ನೂ ಸೊನ್ನೆ ಮಾಡಬೇಕಾಗುತ್ತದೆ. ಕಡಿಮೆ ಬೆಲೆಯ ಬ್ಲೂಟೂತ್ ಸ್ಕ್ಯಾನರು ಮೊಬೈಲಿನಲ್ಲಿ ಕೋಡು ತೋರಿಸಿ ಅಳಿಸಬಲ್ಲದು, ಈ ಲೆಕ್ಕ ಮುಟ್ಟಲಾರದು. ಯೂರಿಯಾ ದ್ರವ ಬಳಸುವ ಲಾರಿಗಳದ್ದೂ ಇದೇ ಕಥೆ: ಶೇ. 32.5 ಯೂರಿಯಾ ಇರುವ ಸರಿಯಾದ ದ್ರವ ಟ್ಯಾಂಕಿನಲ್ಲಿ ಇಲ್ಲದೆ ಕೋಡು ಅಳಿಸಿ ಫಲವಿಲ್ಲ.

ದ್ವಿಚಕ್ರ ವಾಹನಗಳಿಗೆ ಬಂದರೆ, ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಿಂದ ಕಾರ್ಖಾನೆ ನಡೆಸುತ್ತಿರುವ ಹೋಂಡಾ ಕಂಪನಿಯ ಹಲವು ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಮಾದರಿಗಳಲ್ಲಿ ದೀಪ ಮಿಣುಕುವುದನ್ನೇ ಎಣಿಸಿ ಕೋಡು ತಿಳಿಯಬಹುದು. ಉದ್ದನೆಯ ಒಂದು ಮಿಣುಕು ಹತ್ತಕ್ಕೆ, ಚಿಕ್ಕದು ಒಂದಕ್ಕೆ ಸಮ.

ಬ್ಯಾಟರಿ ಟರ್ಮಿನಲ್ ಬಿಚ್ಚಿ ಕೋಡು ಕಳೆಯುವ ಹಳೆಯ ರೂಢಿ ಇನ್ನೂ ಇದೆ. ಹೊಸ ಗಾಡಿಗಳಲ್ಲಿ ಕೋಡು ಉಳಿದುಕೊಂಡು, ಇಸಿಎಂ ಕಲಿತಿದ್ದ ಐಡ್ಲಿಂಗ್ ಹೊಂದಾಣಿಕೆ ಅಳಿಸಿಹೋಗುವುದೂ ಉಂಟು. ದೋಷ ನಿಜವಾಗಿ ಹೋಗಿದ್ದರೆ ಆತುರ ಬೇಕಿಲ್ಲ. ಎರಡನೆಯ ಹಂತದ ವ್ಯವಸ್ಥೆಯಲ್ಲಿ ಸತತ 3 ಓಟಗಳಲ್ಲಿ ತಪಾಸಣೆ ಪಾಸಾದರೆ ಚೆಕ್ ಲೈಟು ತಾನೇ ಆರುತ್ತದೆ. ಎಂಜಿನ್ 40 ಸಲ ತಣ್ಣಗಾಗಿ ಕಾದ ಮೇಲೆ ಕೋಡೂ ಹೋಗುತ್ತದೆ. ಸ್ಕ್ಯಾನರಿನಿಂದ ಅಳಿಸಿದರೆ ಸ್ವಯಂತಪಾಸಣೆಗಳು ಮೊದಲಿನಿಂದ ಶುರುವಾಗುತ್ತವೆ. ಆದ್ದರಿಂದ ಗ್ಯಾರೇಜಿನ ಬಾಗಿಲಲ್ಲಿ ದೀಪ ಆರಿರುವುದು ಇನ್ನೂ ಪುರಾವೆಯಲ್ಲ. ತಣ್ಣನೆಯ ಎಂಜಿನ್ ಚಾಲೂ ಮಾಡಿ, ಊರೊಳಗೂ ಹೈವೇಯಲ್ಲೂ ಕೆಲವು ದಿನ ಓಡಿಸಿ, ಮತ್ತೊಮ್ಮೆ ಸ್ಕ್ಯಾನರ್ ಹಾಕಿ ನೋಡಬೇಕು.