ಕ್ವಾಡ್‌ಕಾಪ್ಟರ್ ಡ್ರಿಫ್ಟ್ ಮತ್ತು ಕ್ಯಾಲಿಬ್ರೇಷನ್: ಚಿಕ್ಕಮಗಳೂರಿನ ಕಾಫಿ ಗುಡ್ಡಗಳಲ್ಲಿ

ರಿಮೋಟಿನ ಸ್ಟಿಕ್‌ಗಳನ್ನು ನಡುವೆ ಬಿಟ್ಟಾಗಲೂ ಕ್ವಾಡ್‌ಕಾಪ್ಟರ್ ನಿಂತಲ್ಲಿ ನಿಲ್ಲದೆ ಪಕ್ಕಕ್ಕೆ ಸರಿಯುವುದು, ತನ್ನ ಸುತ್ತಲೇ ತಿರುಗುವುದು ಅಥವಾ ತಾನಾಗಿ ಏರಿಳಿಯುವುದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಅದರೊಳಗಿನ ಗೈರೊ, ಆಕ್ಸೆಲೆರೋಮೀಟರ್, ದಿಕ್ಸೂಚಿ ಮತ್ತು ಬ್ಯಾರೋಮೀಟರ್‌ಗಳ ಅಳತೆಯಲ್ಲಿರುವ ದೋಷವನ್ನು ಗುರುತಿಸಿ ಕಳೆಯುವ ಕೆಲಸವೇ ಕ್ಯಾಲಿಬ್ರೇಷನ್. 2022ರ ಫೆಬ್ರವರಿಯಲ್ಲಿ ಭಾರತ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿ ಬಿಡಿಭಾಗಗಳಿಗೆ ಅವಕಾಶ ಉಳಿಸಿತು. ಬಿಡಿಭಾಗ ತರಿಸಿ ತಾವೇ ಜೋಡಿಸಿಕೊಳ್ಳುವ ಹವ್ಯಾಸಿಗಳು ಈ ಕೆಲಸವನ್ನೂ ತಾವೇ ಮಾಡಿಕೊಳ್ಳಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸುತ್ತ ಇದಕ್ಕೆ ಬಯಲುಸೀಮೆಯಲ್ಲಿ ಕಾಣದ ತೊಡಕುಗಳಿವೆ. ನೆಲ ಇಳಿಜಾರು, ಬೆಳಗು ತಣ್ಣಗೆ, ಗುಡ್ಡದ ಒಡಲಲ್ಲಿ ಕಬ್ಬಿಣ.

ಡ್ರೋನ್ ಸರಿದ ಕೂಡಲೇ ಕ್ಯಾಲಿಬ್ರೇಷನ್‌ಗೆ ಕೈಹಾಕುವುದು ಸರಿಯಲ್ಲ. ಅದು ಹೇಗೆ ಸರಿಯುತ್ತಿದೆ ಎಂದು ಮೊದಲು ನೋಡಬೇಕು. ಜಿಪಿಎಸ್ ಬಳಸದ ಸಮತೋಲನ ಮೋಡ್‌ನಲ್ಲಿ ಹಾರಿಸಿ, ಮೂತಿಯನ್ನು 180 ಡಿಗ್ರಿ ತಿರುಗಿಸುವುದು ಅತ್ಯಂತ ನಂಬಿಕೆಯ ಪರೀಕ್ಷೆ. ಮೂತಿ ತಿರುಗಿದಂತೆ ಸರಿಯುವ ದಿಕ್ಕೂ ತಿರುಗಿದರೆ ದೋಷ ಯಂತ್ರದಲ್ಲಿದೆ. ಮೂತಿ ಎತ್ತ ತಿರುಗಿದರೂ ಡ್ರೋನ್ ಒಂದೇ ಗುಡ್ಡದ ಕಡೆಗೆ ಹೋಗುತ್ತಿದ್ದರೆ ಅದು ಗಾಳಿ. ಈ ಮೋಡ್‌ನಲ್ಲಿ ಡ್ರೋನಿಗೆ ತನ್ನ ಓರೆ ಮಾತ್ರ ತಿಳಿಯುತ್ತದೆ, ತಾನಿರುವ ಜಾಗ ತಿಳಿಯುವುದಿಲ್ಲ. ಹಾಗಾಗಿ ಎಷ್ಟೇ ಸರಿಯಾದ ಡ್ರೋನ್ ಆದರೂ ಗಾಳಿಯ ಜೊತೆ ತೇಲಿಹೋಗುತ್ತದೆ. ಮುಳ್ಳಯ್ಯನಗಿರಿ, ದೇವರಮನೆಯಂಥ ಬೋಳು ನೆತ್ತಿಗಳಲ್ಲಿ ಡ್ರೋನ್ ನಿಲ್ಲುತ್ತಿಲ್ಲವೆಂದು ಸೆಟ್ಟಿಂಗ್ ತಿದ್ದಿದವರು ಕೆಳಗಿನ ತೋಟದಲ್ಲಿ ಹಾರಿಸಿದಾಗ ಅದು ಎದುರು ದಿಕ್ಕಿಗೆ ಸರಿಯುತ್ತದೆ.

ಯಂತ್ರದ್ದೇ ದೋಷವಾದರೆ ಮೊದಲ ಅನುಮಾನ ಆಕ್ಸೆಲೆರೋಮೀಟರ್ ಮೇಲೆ. ಅದು ಕಲಿತ ಸಮಮಟ್ಟ ಒಂದೇ ಒಂದು ಡಿಗ್ರಿ ತಪ್ಪಿದ್ದರೂ ಪ್ರೊಪೆಲರ್‌ಗಳ ಎತ್ತುಬಲದ ಒಂದು ಪಾಲು ಡ್ರೋನನ್ನು ಪಕ್ಕಕ್ಕೆ ತಳ್ಳುತ್ತದೆ. ಈ ವೇಗವರ್ಧನೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 0.17 ಮೀಟರ್. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 10 ಸೆಕೆಂಡಿನಲ್ಲಿ ಎಂಟೂವರೆ ಮೀಟರ್. ಎರಡು ಸಿಲ್ವರ್ ಓಕ್ ಮರಗಳ ನಡುವೆ ಹಾರಿಸುವವರಿಗೆ ಅಷ್ಟು ಸಾಕು. ತೋಟಗಳಲ್ಲಿ ಈ ತಪ್ಪು ನುಸುಳುವುದು ಹೆಚ್ಚಾಗಿ ಕಾಫಿ ಕಣದಿಂದ. ಕಣ ಸಮತಟ್ಟಾಗಿ ಕಾಣುತ್ತದೆ, ಆದರೆ ಮಳೆನೀರು ಹರಿದುಹೋಗಲೆಂದು ಅದಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರ ರಸಮಟ್ಟ ಇಟ್ಟು ನೋಡಿದ ಮೇಜಿನ ಮೇಲೆ, ಬ್ಯಾಟರಿಯ ಪಟ್ಟಿಯೋ ಕಾಲಿನ ರಬ್ಬರೋ ಎತ್ತಿಹಿಡಿಯದಂತೆ ಡ್ರೋನನ್ನು ಕೂರಿಸಿ ಈ ಕ್ಯಾಲಿಬ್ರೇಷನ್ ಮಾಡಬೇಕು.

ತಿರುಗುವ ವೇಗ ಅಳೆಯುವ ಗೈರೊದ ಕಥೆ ಬೇರೆ. ಹಾರಾಟ ನಿಯಂತ್ರಿಸುವ ತಂತ್ರಾಂಶಗಳಾದ ಬೀಟಾಫ್ಲೈಟ್, ಆರ್ಡುಪೈಲಟ್ ಎರಡೂ ಬ್ಯಾಟರಿ ಜೋಡಿಸಿದ ಪ್ರತಿ ಸಲವೂ ಗೈರೊದ ಶೂನ್ಯವನ್ನು ಹೊಸದಾಗಿ ಅಳೆಯುತ್ತವೆ. ಆ ಕೆಲವು ಕ್ಷಣ ಡ್ರೋನನ್ನು ಕೈಯಲ್ಲಿ ಹಿಡಿದಿದ್ದರೆ ಅಳತೆ ಕೆಡಬಹುದು. ಅಲ್ಲದೆ ಈ ಸೂಕ್ಷ್ಮ ಸೆನ್ಸರ್‌ಗಳ ಶೂನ್ಯ ಬಿಸಿಯೊಂದಿಗೆ ಬದಲಾಗುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಜೀಪಿನೊಳಗಿಂದ ತೆಗೆದ ಕೂಡಲೇ ಹಾರಿಸಿದರೆ ಸೆನ್ಸರ್‌ಗಳಿರುವ ಬೋರ್ಡಿನ ಬಿಸಿ ಹಾರಾಟದುದ್ದಕ್ಕೂ ಬದಲಾಗುತ್ತಲೇ ಇರುತ್ತದೆ. ಹೊರಗಿಟ್ಟು ಕೆಲವು ನಿಮಿಷ ಬಿಟ್ಟು, ಆಮೇಲೆ ಬ್ಯಾಟರಿ ಜೋಡಿಸುವುದು ಒಳ್ಳೆಯದು.

ಈ ಜಿಲ್ಲೆಯಲ್ಲಿ ಹೆಚ್ಚು ಎಚ್ಚರ ಬೇಡುವುದು ದಿಕ್ಸೂಚಿ. ಬಾಬಾಬುಡನ್ ಶ್ರೇಣಿಯಲ್ಲೂ ಕುದುರೆಮುಖದಲ್ಲೂ ಕಾಂತಗುಣದ ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್ ಮತ್ತು ಸ್ಫಟಿಕಶಿಲೆ ಪಟ್ಟಿಪಟ್ಟಿಯಾಗಿ ಕೂಡಿದ ಬಂಡೆಗಳಿವೆ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಕುದುರೆಮುಖದ ಮ್ಯಾಗ್ನೆಟೈಟ್ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತಿತು, ಆದರೆ ಮ್ಯಾಗ್ನೆಟೈಟ್ ಇರುವ ಬಂಡೆ ಅಲ್ಲೇ ಇದೆ. ಇಲ್ಲಿ ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು 40 ಮೈಕ್ರೋಟೆಸ್ಲಾ. ಅಂಥ ಬಂಡೆಯ ಮೇಲೆ ಇಟ್ಟ ದಿಕ್ಸೂಚಿಗೆ ಈ ಕ್ಷೇತ್ರದ ಜೊತೆ ಬಂಡೆಯದೂ ಬೆರೆತು ಬರುತ್ತದೆ. ಕೆಲವು ಮೀಟರ್ ಮೇಲೇರಿದಂತೆ ಬಂಡೆಯ ಪ್ರಭಾವ ತಗ್ಗುತ್ತದೆ.

ಕ್ಯಾಲಿಬ್ರೇಷನ್ ಕಳೆಯಬಲ್ಲದ್ದು ಡ್ರೋನಿನ ಜೊತೆ ತಿರುಗುವ ಕಾಂತತೆಯನ್ನು ಮಾತ್ರ, ಅಂದರೆ ಅದರದೇ ಸ್ಕ್ರೂ, ಮೋಟರುಗಳದ್ದನ್ನು. ನೆಲದ ಕಾಂತತೆ ಡ್ರೋನಿನ ಜೊತೆ ತಿರುಗುವುದಿಲ್ಲ. ಬಂಡೆಯ ಹತ್ತಿರ ಅದು ಗೇಣುಗೇಣಿಗೂ ಬದಲಾಗುವುದರಿಂದ, ಅಲ್ಲಿ ನಿಂತು ಡ್ರೋನನ್ನು ಆರು ಬದಿಗೆ ತಿರುಗಿಸಿದರೆ ತಪ್ಪು ಅಂಕಿಗಳು ಯಂತ್ರದಲ್ಲಿ ಖಾಯಂ ಆಗುತ್ತವೆ. ಕಬ್ಬಿಣದ ಸರಳಿರುವ ಕಾಂಕ್ರೀಟ್, ಪಲ್ಪರ್ ಶೆಡ್, ಜೀಪು, ಜೇಬಿನ ಮೊಬೈಲ್ ಮಾಡುವುದೂ ಇದನ್ನೇ. ಕ್ಯಾಲಿಬ್ರೇಷನ್‌ಗೆ ಗದ್ದೆ ಬಯಲು ವಾಸಿ. ಗಿರಿಯ ಮೇಲೆ ಟೇಕಾಫ್‌ಗೆ ಮುನ್ನ ದಿಕ್ಸೂಚಿಯ ಎಚ್ಚರಿಕೆ ಬಂದರೆ ಮತ್ತೆ ಕ್ಯಾಲಿಬ್ರೇಟ್ ಮಾಡಬಾರದು, ಜಾಗ ಬದಲಿಸಬೇಕು.

ದಿಕ್ಸೂಚಿ ತಪ್ಪಿದ ಲಕ್ಷಣ ಗುರುತಿಸುವುದು ಸುಲಭ. ಜಿಪಿಎಸ್ ಮೋಡ್‌ನಲ್ಲಿ ಡ್ರೋನ್ ಬರಬರುತ್ತಾ ದೊಡ್ಡದಾಗುವ ವೃತ್ತದಲ್ಲಿ ಸುತ್ತತೊಡಗುತ್ತದೆ, ಏಕೆಂದರೆ ಜಾಗ ಸರಿಯಾಗಿ ತಿಳಿದಿದ್ದರೂ ಅತ್ತ ಹೋಗುವ ದಿಕ್ಕು ತಪ್ಪಿರುತ್ತದೆ. ಆಗ ಸಮತೋಲನ ಮೋಡ್‌ಗೆ ಬದಲಿಸಿ ಕೈಯಾರೆ ಇಳಿಸಬೇಕು. ಥ್ರಾಟಲ್ ಏರಿಸಿದಾಗ ಮಾತ್ರ ದಿಕ್ಕು ತಪ್ಪುತ್ತಿದ್ದರೆ ಅಪರಾಧಿ ಬ್ಯಾಟರಿ ತಂತಿಯಲ್ಲಿ ಹರಿಯುವ ಕರೆಂಟು. ತಂತಿಗಳನ್ನು ಒಂದಕ್ಕೊಂದು ಹೊಸೆದು, ದಿಕ್ಸೂಚಿಯನ್ನು ಕಂಬದ ಮೇಲೆ ಎತ್ತರಿಸಿದರೆ ಬಹುಪಾಲು ಸರಿಹೋಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಇಲ್ಲಿನವರು ಅದೃಷ್ಟವಂತರು. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುವುದರಿಂದ ಕ್ಷೇತ್ರರೇಖೆಗಳು ಇಲ್ಲಿ ನೆಲಕ್ಕೆ ಹೆಚ್ಚು ಓರೆಯಾಗಿಲ್ಲ, ದಿಕ್ಕು ತಿಳಿಸುವ ಅಡ್ಡಬಲ ಚೆನ್ನಾಗಿ ಸಿಗುತ್ತದೆ.

ನೆರಳುಮರಗಳಡಿ, ಕಿರಿದಾದ ಕಣಿವೆಯಲ್ಲಿ ಜಿಪಿಎಸ್ ಸಂಕೇತ ಎಲೆಗಳಿಂದ ಕ್ಷೀಣಿಸಿ, ಬಂಡೆಗೆ ತಾಗಿ ತಡವಾಗಿ ಬಂದು ಡ್ರೋನನ್ನು ಹಲವು ಮೀಟರ್ ಓಲಾಡಿಸುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ವಿಷುವದ ಆಸುಪಾಸಿನ ತಿಂಗಳುಗಳ ಸಂಜೆ ಅಯಾನುಗೋಳದ ಕಲಕಾಟವೂ ದಕ್ಷಿಣ ಭಾರತದಲ್ಲಿ ಜಿಪಿಎಸ್ ಕೆಡಿಸುತ್ತದೆ. ಎತ್ತರದ ಏರಿಳಿತಕ್ಕೆ ಬ್ಯಾರೋಮೀಟರ್ ನೋಡಬೇಕು. ಇಲ್ಲಿನ ಎತ್ತರದಲ್ಲಿ ಒಂದು ಹೆಕ್ಟೋಪ್ಯಾಸ್ಕಲ್ ಒತ್ತಡದ ವ್ಯತ್ಯಾಸವೆಂದರೆ ಸುಮಾರು 9 ಮೀಟರ್. ಬ್ಯಾರೋಮೀಟರ್ ಮೇಲೆ ಪ್ರೊಪೆಲರ್ ಗಾಳಿಯೂ ಬಿಸಿಲೂ ನೇರ ಬೀಳದಂತೆ ತೆರೆದ ರಂಧ್ರಗಳ ಸ್ಪಂಜಿನ ತುಂಡು ಮುಚ್ಚುವುದು ರೂಢಿ. ಮಂಜಿನಲ್ಲಿ ಆ ಸ್ಪಂಜು ಒದ್ದೆಯಾದರೆ ಒಣಗುವವರೆಗೆ ಹಾರಿಸಬಾರದು. ಗುಡ್ಡದ ಕಡೆಗೆ ಹಾರುವಾಗ ಡ್ರೋನ್ ಇಳಿಯುತ್ತಿರುವಂತೆ ಕಂಡರೆ, ನೆಲವೇ ಅದರತ್ತ ಏರುತ್ತಿರಬಹುದು.

ಯಾವ ಸೆನ್ಸರೂ ತಪ್ಪಿಲ್ಲದಿದ್ದರೆ ಉಳಿಯುವುದು ಕಬ್ಬಿಣ, ಪ್ಲಾಸ್ಟಿಕ್ಕು. ಕಾಫಿ ರೆಂಬೆಗೆ ತಾಗಿ ಬಾಗಿದ ಪ್ರೊಪೆಲರ್, ಓರೆಯಾದ ಮೋಟರ್, ಸಡಿಲ ಸ್ಕ್ರೂ ಹುಟ್ಟಿಸುವ ಕಂಪನ ಆಕ್ಸೆಲೆರೋಮೀಟರನ್ನೇ ದಿಕ್ಕುಗೆಡಿಸುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10ರಷ್ಟು, 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಶೇ. 17ರಷ್ಟು ಕಡಿಮೆ. ಮೋಟರುಗಳು ಹೆಚ್ಚು ವೇಗದಲ್ಲಿ ತಿರುಗಬೇಕು; ಭಾರದ ಡ್ರೋನ್ ತಿದ್ದಿಕೊಳ್ಳಲು ಶಕ್ತಿ ಉಳಿಯದೆ ತಾನೇ ಸುತ್ತಬಹುದು. ಇದನ್ನು ಯಾವ ಕ್ಯಾಲಿಬ್ರೇಷನ್ನೂ ಸರಿಪಡಿಸದು. ಪರೀಕ್ಷೆಗೆ ಜಾಗ ಆರಿಸುವಾಗಲೂ ಎಚ್ಚರ ಬೇಕು: ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪರೀಕ್ಷಾ ಹಾರಾಟವೂ ಸಲ್ಲದು.

ಬೆಂಗಳೂರಿನಿಂದ ಕಳಸಕ್ಕೆ ತಂದ ಮಾತ್ರಕ್ಕೆ ಎಲ್ಲವನ್ನೂ ಮತ್ತೆ ಅಳೆಯಬೇಕಿಲ್ಲ. ಎರಡೂ ಕಡೆ ಕಾಂತೀಯ ಉತ್ತರ ನಿಜವಾದ ಉತ್ತರದಿಂದ ಒಂದೆರಡು ಡಿಗ್ರಿಯಷ್ಟೇ ಪಶ್ಚಿಮಕ್ಕಿದೆ, ಆರ್ಡುಪೈಲಟ್ ಜಿಪಿಎಸ್ ಸ್ಥಾನ ನೋಡಿ ಅದನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಬಿದ್ದ ಮೇಲೆ ಅಥವಾ ಬೋರ್ಡ್ ಬದಲಿಸಿದಾಗ ಆಕ್ಸೆಲೆರೋಮೀಟರ್, ಹೊಸ ಕ್ಯಾಮೆರಾ ಅಥವಾ ಲೋಹದ ಭಾಗ ಸೇರಿಸಿದಾಗ ದಿಕ್ಸೂಚಿ, ಇಷ್ಟನ್ನು ಮತ್ತೆ ಮಾಡಿದರೆ ಸಾಕು.